ಉಪ್ಪಿನ ಗೆರೆಯ ಪಕ್ಕದ ಅಕ್ಷರ

ರಮಾಕಾಂತನ ಹೆಸರು ಎತ್ತಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ನಮ್ಮ ಊರಿನವರು ಅವನನ್ನು ದೊಡ್ಡ ಮನಸ್ಸಿನವನು ಅನ್ನುತ್ತಾರೆ. ಅನ್ನಲಿ. ಆ ದೊಡ್ಡ ಮನಸ್ಸಿನ ರುಚಿ ಎಂಥದ್ದು ಅಂತ ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ.

ನಾವಿಬ್ಬರೂ ಕುಮಟೆಯ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಅವನು ಹೊನ್ನಾವರದ ತೆಂಗಿನಕಾಯಿ ವ್ಯಾಪಾರಿಯ ಮಗ. ನಾನು ಗಣಪಿ, ಅಘನಾಶಿನಿಯ ಅಳಿವೆಯಲ್ಲಿ ತದಡಿಗೆ ಎದುರು ದಡದ ಒಕ್ಕಲು ಮನೆಯವನು. ರಜೆ ಬಂದರೆ ದೋಣಿ ಹತ್ತಿ ನಮ್ಮ ಮನೆಗೆ ಬಂದುಬಿಡುತ್ತಿದ್ದ. ನನ್ನ ತಾಯಿ ಹೊನ್ನಮ್ಮನನ್ನು ನಾನು ಅವ್ವಿ ಅನ್ನುತ್ತಿದ್ದೆ, ಅವನೂ ಅವ್ವಿ ಅನ್ನುತ್ತಿದ್ದ. ಮ್ಯಾಟ್ರಿಕ್ ಮುಗಿದ ಮೇಲೆ ಅವನು ಪುಣೆಗೆ ಹೋಗಿ ಕೃಷಿ ಶಾಸ್ತ್ರ ಓದಿದ. ನನ್ನ ಕೈಬರಹ ಚೆನ್ನಾಗಿತ್ತು, ಮನೆಯ ಕೈ ಬಿಗಿಯಾಗಿತ್ತು. ನಾನು ನಕ್ಷೆ ಬರೆಯುವ ಕೆಲಸ ಕಲಿತೆ.

ಯುದ್ಧದ ಕಾಲ. ರಂಗೂನಿನ ಅಕ್ಕಿ ಬರುವುದು ನಿಂತಿತ್ತು. ಸಿಕ್ಕ ನೆಲದಲ್ಲೆಲ್ಲ ಭತ್ತ ಬೆಳೆಯಿರಿ ಅಂತ ಸರ್ಕಾರ ಹೇಳುತ್ತಿತ್ತು. ಉಪ್ಪುನೀರು ನುಗ್ಗುವ ಗದ್ದೆಗಳನ್ನು ಪರೀಕ್ಷೆ ಮಾಡಲು ಕುಮಟೆಯಲ್ಲಿ ಒಂದು ತಾತ್ಕಾಲಿಕ ಕಚೇರಿ ಎದ್ದಿತು. ಅದಕ್ಕೆ ಅಧಿಕಾರಿಯಾಗಿ ಬಂದವನು ನನ್ನ ರಮಾಕಾಂತ. ಬಂದ ವಾರವೇ ನನ್ನನ್ನು ಹುಡುಕಿಕೊಂಡು ಬಂದ. "ನೀ ಇದ್ರೆ ಮಾತ್ರ ನಾ ಇಲ್ಲಿ ನಿಲ್ತೆ ಮಾರಾಯಾ, ಇಲ್ಲಾಂದ್ರೆ ಪುಣೆಗೇ ವಾಪಸ್" ಅಂದ. ನಾನು ಉಬ್ಬಿಹೋದೆ. ಅವನ ಕೈಕೆಳಗೆ ಟ್ರೇಸರ್ ಆಗಿ ಸೇರಿಕೊಂಡೆ.

ನಮ್ಮ ಕಡೆಯ ಆ ಗದ್ದೆಗಳಿಗೆ ಗಜನಿ ಅನ್ನುತ್ತಾರೆ. ಬೇಸಿಗೆಯಲ್ಲಿ ಕಡಲ ನೀರು ಹೊಳೆಗುಂಟ ಒಳಗೆ ಬರುತ್ತದೆ, ಮಳೆಗಾಲದ ಸಿಹಿನೀರು ಅದನ್ನು ಹೊರಗೆ ತಳ್ಳುತ್ತದೆ. ನಡುವೆ ಒಂದು ಮಣ್ಣಿನ ಕಟ್ಟೆ, ಕಟ್ಟೆಗೊಂದು ಬಾಗಿಲು. ಬಾಗಿಲಿಗೆ ಒಂದರ ಮೇಲೊಂದು ಹಲಗೆ ಇಳಿಸಿ ಕಡಲನ್ನು ತಡೆಯುವುದು ಊರಿನ ಪದ್ಧತಿ. ಎಷ್ಟು ತಡೆದರೂ ಉಪ್ಪು ಉಳಿದೇ ಉಳಿಯುತ್ತದೆ. ಆ ಉಪ್ಪಿನಲ್ಲಿ ಬದುಕುವುದು ಕಗ್ಗ ಎಂಬ ಭತ್ತವೊಂದೇ. ಕಗ್ಗದ ಬೀಜ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಈ ವರ್ಷ ಬೆಳೆದದ್ದರಲ್ಲಿ ತೆಗೆದಿಟ್ಟದ್ದೇ ಬರುವ ವರ್ಷಕ್ಕೆ ಬೀಜ. ಒಂದು ಮಳೆಗಾಲ ಬಿತ್ತದೆ ಬಿಟ್ಟರೆ ಊರು ತನ್ನ ಬೀಜ ಕಳೆದುಕೊಂಡ ಹಾಗೆಯೇ.

ಕಗ್ಗ ಬಿಟ್ಟು ಸರ್ಕಾರದ ಹೊಸ ತಳಿ ಬಿತ್ತಿ, ಎರಡು ಪಟ್ಟು ಬೆಳೆಯುತ್ತದೆ ಎಂಬುದು ಆ ಕಚೇರಿಯ ಯೋಜನೆ. ಬಿತ್ತಬಹುದೋ ಇಲ್ಲವೋ ಅಂತ ಮೊದಲು ನೀರಿನ ಉಪ್ಪು ಅಳೆದು ನೋಡಬೇಕಿತ್ತು. ಅಳೆಯುವುದಕ್ಕೆ ನಮ್ಮ ಊರನ್ನೇ ಆರಿಸಿದರು.

ಊರಿನಲ್ಲಿ ನನಗೊಂದು ಮರ್ಯಾದೆ ಇತ್ತು. ನಮಗೆ ಹೆಚ್ಚು ಗದ್ದೆ ಇರಲಿಲ್ಲ, ಅಪ್ಪ ಹೋದ ಮೇಲೆ ಮನೆಯಲ್ಲಿ ಗಂಡಸು ಅಂತ ನಾನೊಬ್ಬನೇ. ಆದರೆ ಸರ್ಕಾರದ ಕಾಗದ ಏನೇ ಬರಲಿ, ಕಟ್ಟೆಯ ಮುಖ್ಯಸ್ಥ ದುರ್ಗಪ್ಪಣ್ಣ ಅದನ್ನು ನಮ್ಮ ಜಗಲಿಗೇ ತರುತ್ತಿದ್ದ. ಗಣಪಿ ಓದಿ ಹೇಳಿದ ಅಂದರೆ ಊರಿಗೆ ಮುಗಿಯಿತು, ಮತ್ತೆ ಯಾರೂ ಎರಡು ಮಾತಾಡುತ್ತಿರಲಿಲ್ಲ. ಅವ್ವಿಗೆ ಅಕ್ಷರ ಬರುವುದಿಲ್ಲ. ಆದರೂ ಹತ್ತು ಜನರ ಬರಹ ಮುಂದಿಟ್ಟರೆ ಇದು ನನ್ನ ಮಗನದ್ದು ಅಂತ ಬೆರಳಿಡುತ್ತಿದ್ದಳು. ನನಗೆ ಆಸ್ತಿ ಅಂತ ಇದ್ದದ್ದು ಆ ನಂಬಿಕೆಯೊಂದೇ. ಅದನ್ನು ರಮಾಕಾಂತ ಹೇಗೆ ಕಿತ್ತುಕೊಂಡ ಅಂತ ಹೇಳುತ್ತೇನೆ.

ವರ್ಷವಿಡೀ ನೀರು ತೆಗೆದು ಪರೀಕ್ಷೆ ಮಾಡಿದೆವು. ಒಂದು ಕೊಡ ನೀರಿನಲ್ಲಿ ಎಷ್ಟು ಗುಂಜಿ ತೂಕದ ಉಪ್ಪು ಎಂಬುದು ನಮ್ಮ ಲೆಕ್ಕ. ಜೋರು ಮಳೆಯಲ್ಲಿ ಹತ್ತು ಗುಂಜಿ. ಬೇಸಿಗೆಯಲ್ಲಿ ಎರಡು ಮೂರು ಸಾವಿರ. ಇದನ್ನು ಒಂದು ಹಾಳೆಯ ಮೇಲೆ ಗೆರೆಯಾಗಿ ಎಳೆಯಲು ಹೋದರೆ ಮಳೆಗಾಲವೆಲ್ಲ ನೆಲಕ್ಕೆ ಅಂಟಿಕೊಂಡು ಏನೂ ಕಾಣಿಸುವುದಿಲ್ಲ. ಅದಕ್ಕೆ ರಮಾಕಾಂತ ಲಾಗ್ ಬಳಸಿದ. ಲಾಗ್ ಅಂದರೆ ಗಾಬರಿ ಬೀಳುವಂಥದ್ದೇನಲ್ಲ. ಹತ್ತು ಇದ್ದಲ್ಲಿ ಒಂದು ಅಂತ ಗುರುತಿಸುವುದು, ನೂರು ಇದ್ದಲ್ಲಿ ಎರಡು, ಸಾವಿರ ಇದ್ದಲ್ಲಿ ಮೂರು. ಹಾಳೆಯಲ್ಲಿ ಒಂದು ಗೆರೆ ಮೇಲೆ ಹತ್ತಿದರೆ ಗದ್ದೆಯಲ್ಲಿ ಉಪ್ಪು ಹತ್ತು ಪಟ್ಟು ಆದಂತೆ. ಹೀಗೆ ಮಾಡಿದ್ದೇವೆ ಅಂತ ತಿಳಿಯುವುದು ಹೇಗೆ? ಗೆರೆಯ ಪಕ್ಕದಲ್ಲಿ ಲಾಗ್ ಅಂತ ಬರೆದಿರುತ್ತದೆ. ಆ ಒಂದು ಅಕ್ಷರ ನೋಡಿಯೇ ಓದುವವನು ಎಚ್ಚರವಾಗುವುದು.

ಇಂಗ್ಲಿಷ್ ಪ್ರತಿ ಪುಣೆಯ ಸಾಹೇಬರ ವರದಿಗೆ ಹೋಯಿತು. "ನಿಮ್ಮೂರಿನವರಿಗೂ ಒಂದು ಬರಿ ಗಣಪಿ. ಕನ್ನಡದಲ್ಲೇ ಬರಿ. ಅವರ ಗದ್ದೆ, ಅವರ ಉಪ್ಪು, ಅವರೂ ನೋಡ್ಬೇಕಲ" ಅಂದವನು ರಮಾಕಾಂತನೇ. ಆ ಮಾತಿಗೆ ನಾನು ಅವನಿಗೆ ಮನಸ್ಸಿನಲ್ಲೇ ನಮಸ್ಕಾರ ಮಾಡಿದ್ದೆ!

ಕನ್ನಡದಲ್ಲಿ ಅಂಥ ಗುರುತು ಬರೆದವರನ್ನು ನಾನು ಕಂಡಿರಲಿಲ್ಲ. ಉಪ್ಪಿಗೆ 'ಉ' ಅಂತ ಇಟ್ಟೆ. ಅದರ ಹಿಂದೆ 'ಲಾಗ್', ಅದರ ಪಾದದಲ್ಲಿ ಚಿಕ್ಕದಾಗಿ ೧೦. ಆ ಚಿಕ್ಕ ಹತ್ತು ಲಾಗ್‌ಗೆ ಅಂಟಬಾರದು, ಉ ಕಡೆಗೂ ಹೋಗಬಾರದು, ಕೆಳಗಿನ ಗೆರೆಗೂ ತಾಗಬಾರದು. ನಕ್ಷೆಯ ಮೂಲವನ್ನು ಟ್ರೇಸಿಂಗ್ ಬಟ್ಟೆಯ ಮೇಲೆ ಬರೆದು, ಅದರಿಂದ ನೀಲಿ ಕಾಗದದ ಪ್ರತಿ ತೆಗೆಯುವುದು. ಆ ಬಟ್ಟೆಯ ಮೇಲೆ ಶಾಯಿ ಒಮ್ಮೆ ಬಿದ್ದರೆ ಒರೆಸಲು ಬರುವುದಿಲ್ಲ. ಬ್ಲೇಡಿನಿಂದ ಕೆರೆದು, ಆ ಜಾಗವನ್ನು ಕವಡೆಯಿಂದ ಉಜ್ಜಿ ನುಣುಪು ಮಾಡಬೇಕು. ಉಜ್ಜದಿದ್ದರೆ ಅಲ್ಲಿ ಕೊಳೆ ಕೂತು ಮುಂದಿನ ಪ್ರತಿಗಳಲ್ಲಿ ಕಲೆ ಬೀಳುತ್ತದೆ. ನಾನು ಬೇರೆ ಹಾಳೆಯ ಮೇಲೆ ಬರೆದು ಬರೆದು ಕೈ ಪಳಗಿಸಿಕೊಂಡೆ. ರಮಾಕಾಂತ ಪಕ್ಕದಲ್ಲಿ ನಿಂತು, "ಎಂತದ ಮಾರಾಯಾ, ನಿನ್ನ ಮದುವೆ ಲಗ್ನಪತ್ರಿಕೆನೂ ಇಷ್ಟು ಚಂದ ಬರಿಯೂದಿಲ್ಲ ನೀನು" ಅಂತ ಕುಶಾಲು ಮಾಡುತ್ತಿದ್ದ.

ನಕ್ಷೆಯಲ್ಲಿ ಎರಡರ ಮಟ್ಟಕ್ಕೆ ಒಂದು ಚುಕ್ಕೆ ಗೆರೆ ಎಳೆದೆ. ಹೊಸ ತಳಿ ತಡೆದುಕೊಳ್ಳುವುದು ಅಷ್ಟೇ, ನೂರು ಗುಂಜಿ. ನಮ್ಮ ಗದ್ದೆಯ ನೀರು ಸಸಿ ಏಳುವ ಹೊತ್ತಿಗೆ ಮೂರರ ಹತ್ತಿರ ಇತ್ತು, ಅಂದರೆ ಸಾವಿರ. ಹೊಸ ತಳಿ ಅಲ್ಲಿ ಬದುಕುವುದಿಲ್ಲ ಅಂತ ನನ್ನಂಥವನಿಗೂ ಕಾಣುತ್ತಿತ್ತು. ಕೆಳಗೆ ಒಂದು ಸಾಲು ಬರೆಯಲೇ ಅಂತ ಕೇಳಿದೆ, ಒಂದು ಗೆರೆ ಏರಿದರೆ ಉಪ್ಪು ಹತ್ತು ಪಟ್ಟು ಅಂತ. "ಬೇಡ, ನಕ್ಷೆ ತುಂಬ ಕಿಕ್ಕಿರಿತದೆ. ನೀನೇ ಬಾಯಲ್ಲಿ ಹೇಳು. ಊರಿನವರು ನಿನ್ನ ಮಾತು ಕೇಳ್ತ್ರು" ಅಂದ. ಸರಿಯೇ ಅನಿಸಿತು. ಏನು ಹೇಳಬೇಕು ಅಂತ ದಾರಿಯಲ್ಲಿ ನಡೆಯುವಾಗೆಲ್ಲ ಮನಸ್ಸಿನಲ್ಲೇ ಹೇಳಿಕೊಂಡು ನೋಡುತ್ತಿದ್ದೆ.

ಊರಿಗೆ ನಕ್ಷೆ ತೋರಿಸುವ ಸಭೆಯ ದಿನ ಗೊತ್ತಾಗುವ ಮೊದಲೇ ರಮಾಕಾಂತ ನನ್ನನ್ನು ಭಟ್ಕಳಕ್ಕೆ ಕಳಿಸಿದ. ಅಲ್ಲಿಯ ಬಂದರದ ಹಳೇ ನಕ್ಷೆಗಳು ಮಾಸಿಹೋಗಿವೆ, ತುರ್ತಾಗಿ ಪ್ರತಿ ತೆಗೆಯಬೇಕು ಅಂದ. "ನೀ ಬಂದ ಮೇಲೇ ಸಭೆ" ಅಂತ ಬಸ್ಸಿನ ತನಕ ಬಂದು ಹೇಳಿದ. ಭಟ್ಕಳದಲ್ಲಿ ಊಟ ಚೆನ್ನಾಗಿತ್ತು, ಕೆಲಸ ಸಲೀಸಾಗಿತ್ತು. ವ್ಯಾಪಾರಿಗಳ ಮಾತು ಪೂರ್ತಿ ತಿಳಿಯದ ಆ ಪೇಟೆಯಲ್ಲಿ ಸಂಜೆ ಸುತ್ತಾಡಿಕೊಂಡು ಸುಖವಾಗಿಯೇ ಇದ್ದೆ.

ವಾಪಸು ಊರಿಗೆ ಬಂದಾಗ ನಮ್ಮ ಜಗಲಿಯಲ್ಲಿ ಸರ್ಕಾರದ ಮುದ್ರೆಯ ಚೀಲಗಳು ಕೂತಿದ್ದವು. ಹೊಸ ಬೀಜ. ಕಗ್ಗದ ಬೀಜವಿಟ್ಟ ಹುಲ್ಲಿನ ಮುಡೆಗಳು ಕಾಣಲಿಲ್ಲ.

"ಕಗ್ಗ ಎಲ್ಲಿ ಅವ್ವಿ?"

"ಕೊಟ್ಟಾತು. ಅಳತೆಗೆ ಅಳತೆ. ಹೊಸದು ಕೊಟ್ಟು ಹಳೇದು ರೇಶನ್ನಿಗೆ ತಕಂಡು ಹೋದ್ರು. ಇಡೀ ಊರಿಂದು ತದಡಿ ದಾಟಿ ಹೋತು."

"ಸಭೆ ಆತಾ? ನಕ್ಷೆ ನೋಡಿಯೂ ಒಪ್ಪಿದ್ರಾ?"

"ನೋಡಿಯೇ ಒಪ್ಪಿದ್ದು. ನೀಲಿ ಕಾಗದ ಗೋಡೆಗೆ ಹಚ್ಚಿದ್ರು. ಹೊಸ ಬೀಜಕ್ಕೆ ಎರಡು, ನಮ್ಮ ಗದ್ದೆಗೆ ಮೂರು. ಒಂದೇ ಹೆಚ್ಚು. ದುರ್ಗಪ್ಪ ಕೇಳ್ದ, ಹಂಗಾರೆ ಬಾಗಿಲಿಗೆ ಒಂದು ಹಲಗೆ ಹೆಚ್ಚು ಇಳಿಸಿದ್ರೆ ಆತಲ ಅಂತ. ರಮಾಕಾಂತ ಹೂಂ ಅಂದ."

ನಮ್ಮ ಊರಿನಲ್ಲಿ ಉಪ್ಪನ್ನು ಹಲಗೆಯಲ್ಲೇ ಹೇಳುವುದು. ಒಂದು ಹಲಗೆ ಉಪ್ಪು, ಎರಡು ಹಲಗೆ ಉಪ್ಪು ಅಂತ. ತಲೆತಲಾಂತರದಿಂದ ಬಾಗಿಲು ಕಾದವರ ಲೆಕ್ಕ ಅದು. ಅಡ್ಡಡ್ಡ ಗೆರೆ, ಪಕ್ಕದಲ್ಲಿ ಒಂದು, ಎರಡು, ಮೂರು ಅಂತ ಕಂಡ ಕೂಡಲೆ ಅವರು ಅದನ್ನು ಹಲಗೆ ಅಂತಲೇ ಓದಿದ್ದಾರೆ. ಬೇರೆ ಯಾವ ಊರಿನವರೂ ಹಾಗೆ ಓದುತ್ತಿರಲಿಲ್ಲ.

"ಹತ್ತು ಪಟ್ಟು ಅಂತ ಹೇಳ್ಲಿಲ್ವ ಅವ? ಲಾಗ್ ಅಂತ ಬರೆದಿತ್ತಲ, ಅದು ಎಂತ ಅಂತ ಯಾರೂ ಕೇಳ್ಲಿಲ್ವ?"

"ಹಂಗೆಂತದೂ ಇರ್ಲಿಲ್ಲ. ನಾ ಒಂದೇ ಕೇಳ್ದೆ, ಇದು ನನ್ನ ಮಗ ಬರೆದದ್ದೇ ಹೌದ ಅಂತ. ಹೌದು ಅವ್ವಿ, ಗಣಪಿದೇ ಕೈ ಅಂದ. ನಂಗೂ ಗೊತ್ತಾತು ನಿಂದೇ ಅಂತ. ಹಂಗಾಗಿ ಮೊದಲು ಕೊಟ್ಟದ್ದು ನಮ್ಮನೆದೇ ಮುಡೆ. ಆಮೇಲೆ ಎಲ್ಲರೂ ಕೊಟ್ರು."

ಮರುದಿನ ಕಚೇರಿಗೆ ಹೋದವನೇ ನಕ್ಷೆಯ ಪೆಟ್ಟಿಗೆ ತೆರೆದೆ. ನನ್ನ ಟ್ರೇಸಿಂಗ್ ಬಟ್ಟೆ ಮೇಲೇ ಇತ್ತು. ಉ ಇತ್ತು. ಅದರ ಹಿಂದೆ ಲಾಗ್ ಇರಲಿಲ್ಲ, ಪಾದದ ಹತ್ತೂ ಇರಲಿಲ್ಲ. ಬೆರಳಾಡಿಸಿದೆ, ಒರಟಾಗಿ ತಾಗಿತು. ಬ್ಲೇಡಿನಿಂದ ಕೆರೆದಿದ್ದಾರೆ, ಕವಡೆಯಿಂದ ಉಜ್ಜಿಲ್ಲ. ಕೆಲಸ ಬಲ್ಲವನು ಹಾಗೆ ಬಿಡುವುದಿಲ್ಲ. ಆ ಕಚೇರಿಯಲ್ಲಿ ಪೆಟ್ಟಿಗೆಯ ಬೀಗದ ಕೈ ನನ್ನ ಬಿಟ್ಟರೆ ಇದ್ದದ್ದು ಅವನೊಬ್ಬನ ಹತ್ತಿರ.

ಅವನ ಮೇಜಿನ ಮೇಲೆ ಹಾಸಿದೆ. "ಇದು ನೀ ಕೆರೆದದ್ದ?"

ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಬಾಗಿಲು ಹಾಕಿ ಬಂದು ಕೂತ. "ಕೂತ್ಕ ಗಣಪಿ. ಈ ಮಳೆಗಾಲದಲ್ಲಿ ಒಂದು ಊರಾದ್ರೂ ಹೊಸ ಬೀಜ ಬಿತ್ತದೆ ಇದ್ರೆ ಕಚೇರಿನೇ ಮುಚ್ತ್ರು. ನಂದೂ ಹೋತು, ನಿಂದೂ ಹೋತು. ಮಳೆ ಗಟ್ಟಿ ಬಂದ್ರೆ ಉಪ್ಪೆಲ್ಲ ತೊಳ್ದು ಹೋಗ್ತದೆ, ನೀ ಕಾಣು."

"ಹಂಗಾರೆ ಹಂಗೇ ಹೇಳ್ಬೇಕಾಗಿತ್ತು. ಕೆರೆದದ್ದು ಎಂತಕೆ?"

"ಆ ಅಕ್ಷರ ಇದ್ದಿದ್ರೆ ಯಾರಾದ್ರೂ ಇದೆಂತ ಅಂತ ಕೇಳ್ತಿದ್ರು. ಕೇಳಿದ್ರೆ ಹೇಳ್ಬೇಕಾಗ್ತಿತ್ತು. ನಂಗೆ ಸುಳ್ಳು ಹೇಳೂಕೆ ಬರೂದಿಲ್ಲ, ನಿಂಗೇ ಗೊತ್ತಲ."

ಇದನ್ನು ಅವನು ನಗದೆ ಹೇಳಿದ. ತಾನು ಸುಳ್ಳು ಹೇಳಿಲ್ಲ ಅಂತ ಅವನು ನಿಜಕ್ಕೂ ನಂಬಿದ್ದ! ಮೇಲಿನ ಸಾಹೇಬರ ವರದಿಯಲ್ಲಿ ಲಾಗ್ ಇತ್ತು. ಪುಣೆಯವರಿಗೆ, ಮುಂಬಯಿಯವರಿಗೆ ನಿಜ ಬೇಕು, ಅವರು ಓದಬಲ್ಲವರು. ಕಗ್ಗ ಬಿತ್ತುವವರಿಗೆ ಬೇಡ. ನಮ್ಮ ಊರಿನವರು ಕೇಳಿಬಿಟ್ಟಾರು ಎಂಬ ಹೆದರಿಕೆಗೆ ಅವನು ಬ್ಲೇಡು ಹಿಡಿದದ್ದು. ಭಟ್ಕಳದ ನಕ್ಷೆಗಳ ತುರ್ತು ಏನು ಅಂತಲೂ ಆಗ ತಿಳಿಯಿತು. ಅದೇ ನಾನು ಬರೆದ ಹಾಳೆ, ಅದೇ ಅವ್ವಿ ಬೆರಳಿಟ್ಟ ಅಕ್ಷರ. ನನ್ನ ಕೈಯನ್ನೇ ಕತ್ತರಿಸಿಕೊಂಡು ಹೋಗಿ ಅವರಿಗೆ ತೋರಿಸಿ ಮೋಸ ಮಾಡಿದ ಹಾಗೆ ಆಯಿತು. ನನಗೆ ಅಳು ಬಂತು. ಅವನ ಎದುರು ಅತ್ತೆನಲ್ಲ ಅಂತ ಈಗಲೂ ನಾಚಿಕೆಯಾಗುತ್ತದೆ.

"ಊರಿಗೆ ಬಂದು ನೀನೇ ಹೇಳು" ಅಂದೆ.

"ಬಿತ್ತೂ ಹೊತ್ತಲ್ಲಿ ಎಂತಕೆ ಗಲಾಟೆ? ಕಗ್ಗ ಅಂತೂ ಹೋಗಾಯ್ತು. ಪೈರು ಹೋದ್ರೆ ನಾನೇ ಬಂದು ಎಲ್ಲರ ಮುಂದೆ ಹೇಳ್ತೆ. ಅವ್ವಿ ಆಣೆ."

ನಾನು ಅವನಿಗಾಗಿ ಕಾಯಲಿಲ್ಲ. ಅಂದೇ ದೋಣಿ ಹಿಡಿದು ಹೋಗಿ ದುರ್ಗಪ್ಪಣ್ಣನಿಗೆ ಹೇಳಿದೆ. ಅವನು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳಿದ. ಕೇಳಿ, "ಬರೆದವ ನೀನೆ. ಈಗ ಬೇರೆ ಹೇಳೂವನೂ ನೀನೆ. ಯಾವುದು ನಂಬೂದು ನಾವು?" ಅಂದ. ಹೊಸ ಬೀಜ ಬಿತ್ತದೆ ಇರಲು ಊರಿನಲ್ಲಿ ಬೇರೆ ಬೀಜವೇ ಇರಲಿಲ್ಲ. ಹೊಳೆಯಾಚೆಯ ಊರುಗಳಲ್ಲಿ ಕೇಳಿಕೊಂಡು ಬರೋಣ ಅಂದೆ. "ಅವರು ತಮಗೆ ಬಿಟ್ಟು ನಮಗೆ ಕೊಡ್ತ್ರಾ? ಸುಮ್ನಿರು. ರಮಾಕಾಂತ ಸಾಹೇಬ್ರೇ ಬಂದು ತಪ್ಪು ಅಂದ್ರೆ ಕಾಂಬ" ಅಂದು ಎದ್ದು ಹೋದ. ಅವ್ವಿಯೂ, "ಅವನ ಮೇಲೆ ಎಂತಕೆ ಹಾಕ್ತೆ? ಒಂದೇ ಪಂಕ್ತಿಲಿ ಕೂತು ಉಂಡವ್ರು" ಅಂದಳು.

ಊರೆಲ್ಲ ಬಿತ್ತಿತು. ಬಾಗಿಲಿಗೆ ಒಂದು ಹಲಗೆ ಹೆಚ್ಚು ಇಳಿಸಿದರು.

ಮೊದಲು ಮಳೆ ಚೆನ್ನಾಗಿಯೇ ಬಂತು, ಸಸಿ ಹಸಿರಾಗಿಯೇ ಎದ್ದಿತು. ಊರಿನವರು ನನ್ನ ಕಡೆ ನೋಡಿ ನಗುವಷ್ಟು ಹಸಿರು. ಆಮೇಲೆ ಮಳೆ ಬಿಡುವು ಕೊಟ್ಟಿತು. ಅಮಾವಾಸ್ಯೆಯ ಉಬ್ಬರ ಕಟ್ಟೆಯ ಬುಡದಿಂದ ಒಸರಿ ಒಳಗೆ ಬಂತು. ಎಲೆಯ ತುದಿ ಮೊದಲು ಕೆಂಪಾಯಿತು, ನಂತರ ಹುಲ್ಲಿನ ಬಣ್ಣಕ್ಕೆ ತಿರುಗಿತು. ಕಗ್ಗವಾಗಿದ್ದರೆ ಅಂಥ ಉಪ್ಪನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಚೌತಿಯ ಹೊತ್ತಿಗೆ ಇಡೀ ಗಜನಿಯಲ್ಲಿ ಒಂದು ಹಸಿರು ದಂಟು ಉಳಿಯಲಿಲ್ಲ. ಅವ್ವಿ ಕಟ್ಟೆಯ ಮೇಲೆ ಕೂತು ಗದ್ದೆ ನೋಡುತ್ತಿದ್ದಳು.

ರಮಾಕಾಂತ ಬಂದ. ಹೇಳಿದ ಹಾಗೆಯೇ ಬಂದ. ಗದ್ದೆಯ ತೀರ್ವೆ, ಅಂದರೆ ಕಂದಾಯ, ಮಾಫಿ ಮಾಡಬೇಕೋ ಬೇಡವೋ ಅಂತ ಬರೆಯುವ ಅಧಿಕಾರವೂ ಅವನಿಗೇ ಬಂದಿತ್ತು. ದುರ್ಗಪ್ಪಣ್ಣನ ಅಂಗಳದಲ್ಲಿ ಊರು ಸೇರಿತು. ಮಂಚ ಹಾಕಿ, ಮೇಲೆ ಕಂಬಳಿ ಹಾಸಿ ಕೂರಿಸಿದರು. ನಾನು ಟ್ರೇಸಿಂಗ್ ಬಟ್ಟೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದೆ. ಅವನು ನನ್ನನ್ನು ನೋಡಿ ತಲೆಯಾಡಿಸಿದ. ಹಳೆಯ ಗೆಳೆಯ ಕಡೆಗೂ ಮಾತು ಉಳಿಸಿಕೊಂಡ ಅಂತ ನನ್ನ ಎದೆ ಹಗುರಾಯಿತು.

"ತಪ್ಪು ನಮ್ಮ ಕಚೇರಿದೇ" ಅಂತ ಶುರು ಮಾಡಿದ. "ನಾ ಮುಚ್ಚಿಡೂದಿಲ್ಲ. ನಕ್ಷೆಲಿ ಒಂದು ಅಕ್ಷರ ಬಿಟ್ಟು ಹೋಗಿತ್ತು. ಅದು ಇದ್ದಿದ್ರೆ ಉಪ್ಪು ಹತ್ತು ಪಟ್ಟು ಅಂತ ಗೊತ್ತಾಗ್ತಿತ್ತು. ನಾನೂ ಗಮನಿಸ್ಲಿಲ್ಲ, ಅದು ನನ್ನ ತಪ್ಪು."

ಜನ ಗುಸುಗುಸು ಅಂದರು. ಅವನು ಮಂಚದಿಂದ ಇಳಿದು ನನ್ನ ಹತ್ತಿರ ಬಂದ. ನನ್ನ ಹೆಗಲ ಮೇಲೆ ಕೈಯಿಟ್ಟ.

"ಅಕ್ಷರ ಬರಿಯೂ ಕೆಲ್ಸ ಯಾರದ್ದು ಅಂತ ನಿಮಗೆ ಗೊತ್ತುಂಟು, ನಾ ಹೇಳೂದು ಬೇಡ. ಇವ ನನ್ನ ತಮ್ಮನ ಹಂಗೆ. ಮನುಷ್ಯ ಅಂದ್ಮೇಲೆ ಕೈ ತಪ್ತದೆ. ಹೆದರಿಕೊಂಡು ಏನೇನೋ ಹೇಳಿರ್ಬಹುದು, ಅದಕ್ಕೂ ನಂಗೆ ಸಿಟ್ಟಿಲ್ಲ. ಮೇಲಿನವ್ರಿಗೆ ಇವನ ಹೆಸರು ನಾ ಬರಿಯೂದಿಲ್ಲ. ನೀವೂ ಮನಸ್ಸಲ್ಲಿ ಇಟ್ಕಬೇಡಿ."

ಮಾಡಿದವನು ಅವನು. ನನ್ನನ್ನು ಕ್ಷಮಿಸಿದವನೂ ಅವನು! ನಾನು ಅವನ ಕೈ ಕಿತ್ತೆಸೆದು, ನಕ್ಷೆಯ ಸುರುಳಿ ಬಿಚ್ಚಿ ದುರ್ಗಪ್ಪಣ್ಣನ ಮುಂದೆ ಹಿಡಿದೆ. "ಮುಟ್ಟಿ ಕಾಣು ದುರ್ಗಪ್ಪಣ್ಣ. ಬರಿದೇ ಬಿಟ್ಟದ್ದಲ್ಲ ಇದು, ಬರೆದದ್ದನ್ನ ಕೆರೆದದ್ದು. ನಾ ಕೆರೆದ್ರೆ ಕವಡೆಲಿ ಉಜ್ಜದೆ ಬಿಡೂದಿಲ್ಲ. ಇಲ್ಲಿ ಉಜ್ಜಿಲ್ಲ, ಕಾಣು!"

ದುರ್ಗಪ್ಪಣ್ಣ ಹೆಬ್ಬೆರಳಿಂದ ಸವರಿ ನೋಡಿದ. "ಕೆರೆದದ್ದು ಇರ್ಬಹುದು. ಯಾರು ಕೆರೆದದ್ದು ಅಂತ ಬಟ್ಟೆ ಮಾತಾಡ್ತದ್ಯ?" ಅಂದ. ಅವನ ಕಣ್ಣು ನನ್ನ ಮೇಲೆ ಇರಲಿಲ್ಲ, ಮಂಚದ ಮೇಲಿದ್ದ ಮಾಫಿಯ ಕಾಗದಗಳ ಮೇಲಿತ್ತು. ರಮಾಕಾಂತ ಸುಳ್ಳ ಅಂತಾದರೆ ಆ ಕಾಗದ ಬರೆಯುವವರು ಯಾರು? ಊರಿಗೆ ನನಗಿಂತ ಅವನು ಬೇಕಾಗಿದ್ದ. "ದೊಡ್ಡ ಮನಸ್ಸು ಸಾಹೇಬ್ರದ್ದು" ಅಂತ ಯಾರೋ ಹಿಂದಿನಿಂದ ಅಂದರು. ಇನ್ನಷ್ಟು ಜನ ಹೌದು ಹೌದು ಅಂದರು.

ಹೆಂಗಸರ ನಡುವಿನಿಂದ ಅವ್ವಿ ಎದ್ದು ಬಂದಳು. ಅವಳೊಬ್ಬಳಾದರೂ ನನ್ನ ಪಕ್ಕ ಬಂದು ನಿಲ್ಲುತ್ತಾಳೆ ಅಂದುಕೊಂಡೆ. ನನ್ನನ್ನು ದಾಟಿ ಹೋಗಿ ರಮಾಕಾಂತನ ಎದುರು ನಿಂತು ಕೈ ಮುಗಿದಳು.

"ತಮಾ, ಅವನ ನೌಕ್ರಿ ತೆಗೀಬೇಡ. ನನ್ನ ಹೊಟ್ಟೆಲಿ ಹುಟ್ಟಿದ್ದು, ಎಂತ ಮಾಡೂದು. ಅವ ಮಾಡಿದ್ದು ನೀ ಹೊಟ್ಟೆಗೆ ಹಾಕ್ಕ."

"ಆತು ಅವ್ವಿ. ನೀವು ಕೈ ಮುಗಿಬೇಡಿ" ಅಂದ ಅವನು. ಅವನ ಕಣ್ಣಲ್ಲಿ ನೀರು ಕೂಡ ಬಂದಿತ್ತು, ಬೇವಾರ್ಸಿ.

"ಅವ್ವೀ, ನಾ ಕೆರೆದದ್ದಲ್ಲ" ಅಂತ ಕೂಗಿದೆ.

ಅವಳು ನನ್ನ ಕಡೆ ತಿರುಗಿದಳು. ಆ ಮುಖದಲ್ಲಿ ಸಿಟ್ಟು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಊರಿನ ಮುಂದೆ ತಲೆ ಎತ್ತಲಾರದೆ ಸೋತುಹೋದ ಮುಖ ಅದು. ಮೊದಲ ಮುಡೆ ಕೊಟ್ಟವಳು ಅವಳು.

"ಸುಮ್ಮಂಗಿರು. ಮಾಡಿದ್ದು ಸಾಕು. ಅವನ ಕಾಲು ಮುಟ್ಟು."

ಅವ್ವಿಯ ಕೈ ಇನ್ನೂ ಮುಗಿದೇ ಇತ್ತು. ಅದನ್ನು ನೋಡಲಾರದೆ ನಾನು ಬಗ್ಗಿದೆ. ಬೆರಳು ತಾಗುವ ಮೊದಲೇ ರಮಾಕಾಂತ ನನ್ನ ತೋಳು ಹಿಡಿದು ಎಬ್ಬಿಸಿದ. "ಏಳು ಮಾರಾಯಾ, ನಮ್ಮೊಳಗೆ ಎಂತದಿದು" ಅಂತ ಎಲ್ಲರಿಗೂ ಕೇಳುವ ಹಾಗೆ ಅಂದ.